ಸಂವಿಧಾನಗಳನ್ನು ಕೂಡಿಸಿಟ್ಟವರಿಗೆ, ಗಾಳಿಹಾಳದಿಂದ

ಗಾಳಿಹಾಳ, ಕಪ್ಪತಗುಡ್ಡದ ಬೆನ್ನು
ಜೂನ್ ಮೂವತ್ತೊಂದು, ಇಸವಿ ಎರಡು ಸಾವಿರದ ಇನ್ನೂರ ನಲವತ್ತೊಂದು

ನಾನು ಕಾಣದ ಹಿರಿಯರಿಗೆ ಫಕ್ಕೀರವ್ವನ ಶರಣು.

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಜೂನ್ ಮೂವತ್ತಕ್ಕೇ ಮುಗಿಯುತ್ತಿತ್ತು ಎಂದು ಗೊತ್ತು. ನಮ್ಮ ಬೆಟ್ಟದ ಊರುಗಳು ಡಿಸೆಂಬರಿನ ಕೊನೆಯಿಂದ ಒಂದು ದಿನ ತೆಗೆದು ಜೂನಿನ ತುದಿಗೆ ಸೇರಿಸಿಕೊಂಡಿವೆ. ಡಿಸೆಂಬರಿನಲ್ಲಿ ಆ ದಿನದಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಇಲ್ಲಿ ಆಷಾಢದ ಗಾಳಿ ಜೋರು ಹಿಡಿಯುವ ಹೊತ್ತಿಗೆ ಕೆಲಸ ನಿಲ್ಲಿಸಿ ಎಲ್ಲರೂ ಒಟ್ಟಿಗೆ ನಿಲ್ಲಲು ಒಂದು ದಿನ ಬೇಕಿತ್ತು. ಅದನ್ನು ಗಾಳಿದಿನ ಎನ್ನುತ್ತೇವೆ. ಇವತ್ತು ಗಾಳಿದಿನ, ಈಗ ಸಂಜೆ. ಬೆಳಗಿನಿಂದ ನಿಂತು ನಿಂತು ಕಾಲು ನೋಯುತ್ತಿವೆ, ಆದರೂ ಬರೆಯಲು ಕುಳಿತಿದ್ದೇನೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ದಿನಚರಿ ಬರೆಯುವ ರೂಢಿಯೊಂದು ಸಣ್ಣಂದಿನಿಂದ ಇದೆ, ಅಷ್ಟೇ. ನನ್ನ ಗಂಡ ಪುರ್ಸು ತೀರಿಕೊಂಡ ಮೇಲೆ ದಿನಚರಿಯೂ ಸಣ್ಣದಾಗಿತ್ತು. ಉಂಡೆ, ಮಲಗಿದೆ, ಗಾಳಿ ಇತ್ತು, ಎಂದಷ್ಟೇ ಬರೆಯುತ್ತಿದ್ದೆ. ಇವತ್ತಿನದು ಅಷ್ಟಕ್ಕೆ ಮುಗಿಯುವಂಥದ್ದಲ್ಲ, ನನ್ನೊಬ್ಬಳೊಳಗೆ ಇಟ್ಟುಕೊಳ್ಳುವಂಥದ್ದೂ ಅಲ್ಲ. ನಿಮಗೆ ಹೇಳಬೇಕು. ನಿಮ್ಮ ಕಾಲದಲ್ಲಿ ಯಾರೋ ಕೆಲವರು ಕುಳಿತು, ಲೋಕದ ಎಲ್ಲ ದೇಶಗಳ ಸಂವಿಧಾನಗಳನ್ನು ಹುಡುಕಿ ತಂದು, ಯಾರು ಬೇಕಾದರೂ ತೆರೆದು ಓದುವ ಹಾಗೆ ಜಾಲದಲ್ಲಿ ಒಂದೇ ಕಡೆ ಇಟ್ಟಿರಿ. ಅದು ನಮ್ಮವರೆಗೆ ಬಂದಿದೆ. ಬಂದು ಏನು ಮಾಡಿತು ಎಂಬುದು ಇಟ್ಟವರಿಗೆ ಗೊತ್ತಿರಬೇಕು.

ಮೊದಲು ನಮ್ಮ ಊರು. ಈ ಗುಡ್ಡದ ಬೆನ್ನಿನ ಮೇಲೆ ನಿಮ್ಮವರು ನೆಟ್ಟ ಗಾಳಿಯಂತ್ರಗಳಿದ್ದವಂತೆ. ಗದಗಿನ ಕಡೆಯವರು ಅವನ್ನು ಆಗಲೇ ಫ್ಯಾನು ಎನ್ನುತ್ತಿದ್ದರಂತೆ. ನಾವೂ ಹಾಗೇ ಎನ್ನುತ್ತೇವೆ. ಹಳೆಯವು ಬಿದ್ದು, ಅವುಗಳ ಜಾಗದಲ್ಲಿ ನಮ್ಮ ಮುತ್ತಜ್ಜಂದಿರು ಹೊಸವನ್ನು ನಿಲ್ಲಿಸಿದರು. ಅವುಗಳ ಬುಡದಲ್ಲೇ ಊರು ಬೆಳೆಯಿತು. ನವಣೆ, ಸಜ್ಜೆ, ಹುರುಳಿ ಬೆಳೆಯುತ್ತೇವೆ. ನೀರು ಮಾತ್ರ ಇರಲಿಲ್ಲ. ಆ ನೀರನ್ನು ತಂದವರು ಉಪ್ಪಿನವರು.

ಉಪ್ಪಿನವರು ಎಂದರೆ ಕಡಲು ಏರಿದಾಗ ಕಾರವಾರ, ಅಂಕೋಲಾ ಕಡೆಯಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು. ಅವರ ಮೈಯಿಂದ ಉಪ್ಪು ಉದುರುತ್ತಿತ್ತು ಎಂದು ನಮ್ಮವರು ಹೇಳುತ್ತಿದ್ದರು. ಅವರು ತಮ್ಮೊಂದಿಗೆ ಬಲೆ ಹೆಣೆಯುವ ಕೈಗಳನ್ನು ತಂದಿದ್ದರು. ಮೀನಿಲ್ಲದ ಈ ಗುಡ್ಡದಲ್ಲಿ ಬಲೆಗೇನು ಕೆಲಸ ಎಂದು ನಮ್ಮವರು ನಕ್ಕರಂತೆ. ಅವರು ಫ್ಯಾನುಗಳ ಕಂಬಗಳ ನಡುವೆ ಸಣ್ಣ ಕಣ್ಣಿನ ಬಲೆ ಕಟ್ಟಿದರು. ಬೆಳಗಿನ ಮಂಜು ಆ ಬಲೆಗೆ ತಾಗಿ ಹನಿಯಾಗಿ ಇಳಿದು ದೋಣಿಯಂಥ ಹರಿವಾಣಕ್ಕೆ ಬೀಳುತ್ತದೆ, ಅಲ್ಲಿಂದ ತೊಟ್ಟಿಗೆ, ತೊಟ್ಟಿಯಿಂದ ನಲ್ಲಿಗೆ. ಇದನ್ನು ಇಬ್ಬನಿಬಲೆ ಎನ್ನುತ್ತೇವೆ. ಗಾಳಿಹಾಳದ ಪ್ರತಿಯೊಂದು ಗುಟುಕು ಉಪ್ಪಿನವರ ಕೈಯ ಗಂಟಿನಿಂದ ಇಳಿದದ್ದು. ಆದರೆ ನಲ್ಲಿಗಳು ಎರಡಿದ್ದವು. ಒಂದು ಊರವರದು, ಚೌಕದಲ್ಲಿ. ಇನ್ನೊಂದು ಉಪ್ಪಿನವರದು, ಇಳಿಜಾರಿನ ಕೆಳಗೆ.

ಇದಕ್ಕೆ ಕಾರಣವಿತ್ತು. ಮೊದಲು ಬಂದವರಿಗೆ ಚರ್ಮದ ಜ್ವರ ಅಂಟಿತ್ತು, ಹರಡದಿರಲಿ ಎಂದು ಬೇರೆ ನಲ್ಲಿ ಹಾಕಿದರು, ಸತ್ತವರನ್ನು ಕೆಳಬಯಲಿನಲ್ಲಿ ಬೇರೆಯಾಗಿ ಮಣ್ಣು ಮಾಡಿದರು. ಜ್ವರ ನನ್ನ ಅವ್ವ ಹುಟ್ಟುವ ಮೊದಲೇ ಹೋಯಿತು. ನಲ್ಲಿ ಉಳಿಯಿತು, ಕೆಳಬಯಲೂ ಉಳಿಯಿತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಒಟ್ಟಿಗೆ ಕೆಲಸ, ಒಟ್ಟಿಗೆ ಹಾಡು, ನನ್ನಂಥವರು ಒಬ್ಬಿಬ್ಬರು ಉಪ್ಪಿನವರನ್ನೇ ಮದುವೆಯೂ ಆದೆವು. ಆದರೆ ನೀರು ತುಂಬುವಾಗ ನಾನು ಚೌಕಕ್ಕೆ ಹೋಗುತ್ತಿದ್ದೆ, ಪುರ್ಸು ಕೆಳಕ್ಕೆ ಹೋಗುತ್ತಿದ್ದ. ಒಂದೇ ಮನೆಯಲ್ಲಿ ಎರಡು ಕೊಡ. ಅದು ನಮಗೆ ವಿಚಿತ್ರವಾಗಿ ಕಾಣಲೂ ಇಲ್ಲ.

ಇನ್ನೊಂದು ಪದ್ಧತಿ ಹೇಳಬೇಕು. ಗಾಳಿದಿನದಂದು ಫ್ಯಾನುಗಳ ಕೆಳಗೆ ನಿಂತು ಊರಿನ ಹೆಸರುಗಾರ ಸತ್ತವರ ಹೆಸರು ಕೂಗುತ್ತಾನೆ. ಇಂಥ ಅಪ್ಪ ಇಂಥ ಅವ್ವನ ಮಗ ಇಂಥವನು, ಎಂದು ಗಾಳಿಗೆ ಎದುರಾಗಿ ಒಂದೊಂದೇ ಹೆಸರು. ಊರವರು ಪ್ರತಿ ಹೆಸರಿಗೂ 'ಐದಾನ' ಎಂದೋ 'ಐದಾಳ' ಎಂದೋ, ಎಂದರೆ ಇಲ್ಲೇ ಇದ್ದಾನೆ, ಇದ್ದಾಳೆ ಎಂದು, ಓಗೊಡುತ್ತಾರೆ. ಹೀಗೆ ಕೂಗುವುದು ಗುಡ್ಡದ ಬೆನ್ನಿನ ಮೇಲೆ ಮಣ್ಣಾದವರ ಹೆಸರನ್ನು ಮಾತ್ರ. ಕೆಳಬಯಲಿನವರದು ಕೂಗುತ್ತಿರಲಿಲ್ಲ.

ಪುರ್ಸು ಎರಡು ಆಷಾಢದ ಹಿಂದೆ ಬಿದ್ದು ಸತ್ತ. ಗಾಳಿಗೆ ಹರಿದ ಬಲೆಯನ್ನು ಕಂಬದ ಮೇಲೆ ಕಟ್ಟುತ್ತಿದ್ದ. ಅವನನ್ನು ಕೆಳಕ್ಕೆ ಒಯ್ದರು. ಹೆಸರುಗಾರ ದುರಗಪ್ಪ ನನ್ನ ಅಪ್ಪನ ಅಣ್ಣ, ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಪುರ್ಸು ಸತ್ತ ದಿನ ನನಗಿಂತ ಹೆಚ್ಚು ಅತ್ತವನು ಅವನೇ. ಆ ವರ್ಷದ ಗಾಳಿದಿನಕ್ಕೆ ಮೊದಲು ಅವನ ಹತ್ತಿರ ಹೋಗಿ, ದೊಡ್ಡಪ್ಪ, ಪುರ್ಸುವಿನ ಹೆಸರೂ ಕೂಗು ಎಂದು ಕೇಳಿದೆ.

"ಪದ್ಧತಿ ಇಲ್ಲಲ್ಲವ್ವ. ನಾ ಹಾಕಿದ ಪದ್ಧತಿ ಆಗಿದ್ರ ನಿನ ಮುಂದನ ಮುರೀತಿದ್ದೆ. ಹಿರೇರು ಹಾಕಿದ್ದನ್ನ ನಾ ಹೆಂಗ ಮುರೀಲಿ ಹೇಳು?" ಎಂದ. ನನ್ನ ತಲೆ ಸವರಿ, ಮನೆಗೆ ಮಜ್ಜಿಗೆ ಕಳಿಸಿದ.

ನಾನು ಮತ್ತೆ ಕೇಳಲಿಲ್ಲ. ಆದರೆ ನನಗೆ ಬೇಕಾದ್ದು ಅದೊಂದೇ ಆಗಿತ್ತು. ಆ ದಿನ ಬೇರೆಯವರ ಹೆಸರುಗಳಿಗೆಲ್ಲ ನಾನು ಓಗೊಟ್ಟೆ. ಅವನ ಹೆಸರು ಬರಲಿಲ್ಲ.

ಈಗ ನಿಮ್ಮ ಪುಟದ ಮಾತು. ನಮ್ಮ ಊರ ಚೌಕದಲ್ಲಿ ಜಾಲಗೂಡು ಎಂಬ ಕೋಣೆಯಿದೆ. ಹಳೆಯ ಜಾಲದಲ್ಲಿ ಉಳಿದದ್ದನ್ನೆಲ್ಲ ಅಲ್ಲಿ ತೆರೆದು ನೋಡಬಹುದು. ಗಾಳಿ ಚೆನ್ನಾಗಿ ಬೀಸಿದಾಗ ಬೇಗ, ಬೀಸದಿದ್ದಾಗ ಇಲ್ಲವೇ ಇಲ್ಲ. ನಿಮ್ಮ ಕಾಲದ ಪುಟಗಳಲ್ಲಿ ಬಹಳಷ್ಟು ಸತ್ತಿವೆ. ಮುಟ್ಟಿದರೆ, ನೀವು ಹುಡುಕಿದ ಪುಟ ಇಲ್ಲ ಎಂಬ ಸಾಲೊಂದೇ ಬರುತ್ತದೆ. ಅದನ್ನು ನಮ್ಮ ಮಕ್ಕಳು ಅಣಕವಾಡುತ್ತಾರೆ. ಯಾರಾದರೂ ಮನೆಯಲ್ಲಿ ಇಲ್ಲದಿದ್ದರೆ ಬಾಗಿಲಲ್ಲಿ ನಿಂತು ಹಾಗೇ ಕೂಗುತ್ತಾರೆ. ಪುರ್ಸು ಅಲ್ಲಿ ಕುಳಿತು ತನ್ನ ಅಜ್ಜನ ಊರಿನ ಕಡಲದಂಡೆಯ ನಕ್ಷೆ ಹುಡುಕುತ್ತಿದ್ದ. ನಕ್ಷೆ ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ನಿಮ್ಮ ಪುಟಕ್ಕೆ ಬಂದು ಬಿದ್ದ. ಅದನ್ನು ನಾಡುಗಳ ಪುಟ ಎಂದು ಕರೆದ, ಊರೂ ಈಗ ಹಾಗೇ ಕರೆಯುತ್ತದೆ.

ನಿಮಗೆ ಅದು ನಿತ್ಯದ ಸಂಗತಿ ಇರಬಹುದು. ನಮಗೆ ಅದು ದೊಡ್ಡ ಬೆರಗು. ದೇಶಗಳ ಹೆಸರು ಸಾಲಾಗಿ ನಿಂತಿವೆ. ಒಂದನ್ನು ಮುಟ್ಟಿದರೆ ಅದರ ಸಂವಿಧಾನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತೆರೆಯುತ್ತದೆ. ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು. ನೀರು ಎಂದು ಕೇಳಿದರೆ ನೀರಿನ ಬಗ್ಗೆ ಯಾವ ದೇಶ ಏನು ಬರೆದುಕೊಂಡಿದೆ ಎಂದು ಒಟ್ಟಿಗೆ ಬರುತ್ತದೆ. ಯಾರ ಅಪ್ಪಣೆಯೂ ಬೇಡ, ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಯಂತ್ರ ಮಾಡಿಕೊಡುವ ಕನ್ನಡ ಮಾತ್ರ ಒಣರೊಟ್ಟಿ. ಅಗಿದು ಅಗಿದು ನುಂಗಬೇಕು. ಸಂಜೆಗಳಲ್ಲಿ ನಾವಿಬ್ಬರೂ ಅದನ್ನೇ ಮಾಡುತ್ತಿದ್ದೆವು. ಹಿಮಾಲಯದ ಒಂದು ಸಣ್ಣ ದೇಶ, ತನ್ನ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಎಂದೆಂದಿಗೂ ಕಾಡಾಗಿಯೇ ಇರಬೇಕು ಎಂದು ಬರೆದುಕೊಂಡಿತ್ತು. ಇನ್ನೊಂದು ದೇಶ ಹೊಳೆ, ಬೆಟ್ಟಗಳಿಗೂ ಹಕ್ಕಿದೆ ಎಂದು ಬರೆದಿತ್ತು. ಪುರ್ಸುವಿಗೆ ಹೆಚ್ಚು ಇಷ್ಟವಾದದ್ದು ಕಡಲಿನಲ್ಲಿ ಮುಳುಗಿಹೋದ ಒಂದು ದ್ವೀಪದೇಶದ್ದು. ಆ ದೇಶದಲ್ಲಿ ಈಗ ನಿಲ್ಲಲು ಒಂದು ಗೇಣು ನೆಲವಿಲ್ಲ. ಸಂವಿಧಾನ ಮಾತ್ರ ಮುಟ್ಟಿದ ಕೂಡಲೇ ತೆರೆಯುತ್ತದೆ.

"ನೋಡೇ, ನೆಲ ಹೋಯ್ತು, ಕೊಟ್ಟ ಮಾತು ಉಳೀತು," ಎನ್ನುತ್ತಿದ್ದ. "ನಮ್ಮೂರ್ದು ನೆಲನೂ ಹೋಯ್ತು, ಮಾತು ಯಾರೂ ಬರ್ದೇ ಇಟ್ಟಿರ್ಲಿಲ್ಲ."

ಅವನು ಹೋದ ಮರುವರ್ಷ ಬೆಟ್ಟದೊಕ್ಕೂಟದಿಂದ ಹೇಳಿಕೆ ಬಂತು. ಒಕ್ಕೂಟ ಎಂದರೆ ಈ ಗುಡ್ಡಸಾಲಿನ ಊರುಗಳ ಕೂಟ. ಪ್ರತಿ ಊರೂ ತನ್ನ ಊರಕಟ್ಟನ್ನು ಬರೆದುಕೊಳ್ಳಬೇಕು, ಎಂದರೆ ಊರಿನ ಸ್ವಂತ ಸಂವಿಧಾನ. ಬಾಯಿಮಾತಿನ ಪದ್ಧತಿಗಳು ಇನ್ನು ಸಾಲವು ಎಂದಿತು. ಊರಕಟ್ಟಿನಲ್ಲಿ ಬರೆದದ್ದು ಮಾತ್ರ ಪದ್ಧತಿ, ಉಳಿದದ್ದು ಬಿದ್ದುಹೋಗುತ್ತದೆ. ಹೆಸರು ಕೂಗುವ ಪದ್ಧತಿಯನ್ನೂ ಬರೆಯಲೇಬೇಕಲ್ಲ. ಈಗ ಹೇಗೆ ಬರೆಯುತ್ತಾರೋ ಹಾಗೆ ಅದು ಕಲ್ಲಾಗುತ್ತದೆ.

ನಾಡುಗಳ ಪುಟವನ್ನು ನೋಡಿ ಬರೆಯೋಣ ಎಂದು ಊರು ತೀರ್ಮಾನಿಸಿತು. ಪುಟದ ದಾರಿ ತಿಳಿದಿದ್ದವಳು ನಾನೊಬ್ಬಳೇ, ಹಾಗಾಗಿ ತೆರೆಯುವ ಕೆಲಸ ನನಗೆ ಬಂತು. ಒಬ್ಬಳೇ ಇದ್ದಾಗ ನಾನು ಸತ್ತವರು ಎಂದು ಕೇಳಿ ಎಲ್ಲ ದೇಶಗಳಲ್ಲೂ ಹುಡುಕಿದೆ. ನಾಡಿನ ಬಿಡುಗಡೆಗಾಗಿ ಸತ್ತವರನ್ನು ಎಷ್ಟೋ ಸಂವಿಧಾನಗಳು ಮೊದಲ ಸಾಲುಗಳಲ್ಲೇ ನೆನೆಯುತ್ತವೆ. ನೀರಿನ ಬಲೆ ಕಟ್ಟುತ್ತ ಸತ್ತವನನ್ನು ನೆನೆಯುವ ಮಾತು ಎಲ್ಲಿಯೂ ಸಿಗಲಿಲ್ಲ.

ನಮ್ಮ ಊರಲ್ಲಿ ಏನನ್ನಾದರೂ ಗೊತ್ತುಮಾಡುವ ಮೊದಲು ಹೊರುವವರ ಓದು ಎಂಬುದನ್ನು ನಡೆಸುತ್ತೇವೆ. ಆ ಮಾತು ಯಾರ ಮೇಲೆ ಹೆಚ್ಚು ಭಾರ ಬೀಳುತ್ತದೋ ಅವರೇ ಎದ್ದು ನಿಂತು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಓದುವಾಗ ದನಿ ನಡುಗಿದರೆ ಮಾತನ್ನು ಮತ್ತೆ ತಿದ್ದುತ್ತೇವೆ. ಯಾರ ಮೇಲೂ ಬೀಳದ ಮಾತು ನಮಗೆ ಬೇಡ ಎಂದು ಬಿಟ್ಟುಬಿಡುತ್ತೇವೆ. ಸಂವಿಧಾನಗಳನ್ನೂ ಹಾಗೇ ಓದತೊಡಗಿದೆವು. ಚಳಿಗಾಲದ ಸಂಜೆಗಳೆಲ್ಲ ಅದರಲ್ಲೇ ಹೋದವು, ಮತ್ತು ನಗುವಿಗೆ ಕೊರತೆಯಿರಲಿಲ್ಲ. ಒಂದು ದೇಶದ ಸಂವಿಧಾನದಲ್ಲಿ ಅರಸನ ಪಟ್ಟ ಹಿರಿಯ ಮಗನಿಗೆ ಹೋಗಬೇಕು ಎಂದಿತ್ತು. ಇದರ ಭಾರ ಹೊರುವವರು ಯಾರು ಎಂದಾಗ ಫ್ಯಾನು ರಿಪೇರಿಯ ಯಮನೂರಪ್ಪ ಕಂಬಳಿ ಹೊದ್ದು ಎದ್ದು ನಿಂತ.

"ನಾ ಓದತೇನಿ. ನಮ್ಮಪ್ಪ ನನಗ ಬಿಟ್ಟುಹೋಗಿದ್ದು ನಟ್ಟು ಬಿಚ್ಚೂ ಒಂದು ಪಾನಾ, ಒಂದು ಕೆಮ್ಮು. ಅದರಾಗ ಕೆಮ್ಮು ಹಿರೀಮಗಗ ಬಂದೈತಿ," ಎಂದ.

ಇನ್ನೊಂದು ದೇಶದ ನೌಕಾಪಡೆಯ ಕಲಮು ಬಂದಾಗ ಎಲ್ಲರೂ ಉಪ್ಪಿನವರ ಕಡೆ ತಿರುಗಿದರು. ಬಲೆಗಾರರ ಹಿರಿಯಳು ಬೀರಮ್ಮ, "ನಮ್ಮ್ ದೋಣಿ ಎಲ್ಲ ನಿಮ್ಮ್ ಹರಿವಾಣ ಆಗ್ ಹೋದ್ವು ಮಾರಾಯ್ರೆ, ಈಗ ಎಂತದ್ರಲ್ಲಿ ಯುದ್ಧಕ್ಕೆ ಹೋಗೂದು?" ಎಂದಳು.

ಈ ನಗುವಿನ ನಡುವೆ ನಾವೊಂದು ದೊಡ್ಡ ತಪ್ಪು ಮಾಡುತ್ತಿದ್ದೆವು, ಅದು ತಪ್ಪೆಂದು ಗೊತ್ತೂ ಇರಲಿಲ್ಲ. ಸಂವಿಧಾನ ಎಂದರೆ ಆ ದೇಶದ ಜನ ಹೇಗೆ ಬದುಕುತ್ತಿದ್ದರು ಎಂಬ ವರದಿ ಎಂದುಕೊಂಡಿದ್ದೆವು. ಯಾರನ್ನೂ ಕಾರಣವಿಲ್ಲದೆ ಹಿಡಿಯತಕ್ಕದ್ದಲ್ಲ, ಯಾರನ್ನೂ ಹಿಂಸಿಸತಕ್ಕದ್ದಲ್ಲ, ಪ್ರತಿ ಮಗುವಿಗೂ ಶಾಲೆ, ಪ್ರತಿ ಮುದುಕಿಗೂ ಊಟ ಎಂದು ಬರೆದ ದೇಶಗಳಿಗೆ ಬಂಗಾರದ ನಾಡು ಎಂದು ಹೆಸರಿಟ್ಟೆವು. ನಿಮ್ಮ ಕಾಲದ ಜನ ಎಷ್ಟು ಸುಖವಾಗಿದ್ದರಲ್ಲ ಎಂದು ಹೊಟ್ಟೆಕಿಚ್ಚೂ ಪಟ್ಟೆವು. ಯಾವ ದೇಶ ಹೆಚ್ಚು ಉದ್ದವಾಗಿ ಒಳ್ಳೆಯದನ್ನು ಬರೆದಿದೆಯೋ ಅದನ್ನೇ ಇದ್ದಂತೆ ಎತ್ತಿಕೊಳ್ಳೋಣ ಎಂದು ಎಲ್ಲರೂ ಒಪ್ಪಿದ್ದರು.

ಆಗ ನಾನು ಹಳೆಯ ಪ್ರತಿಗಳನ್ನು ತೆರೆದೆ. ನಿಮ್ಮಲ್ಲಿ ಯಾರೋ ಪುಣ್ಯಾತ್ಮರು ರದ್ದಾದ ಸಂವಿಧಾನಗಳನ್ನೂ ಎಸೆಯದೆ, ಇಸವಿ ಹಾಕಿ, ಒಂದರ ಕೆಳಗೊಂದು ಇಟ್ಟಿದ್ದೀರಿ. ನಾವು ಆರಿಸಿದ್ದ ಬಂಗಾರದ ನಾಡು ಮತ್ತೆ ಮತ್ತೆ ಹೊಸ ಸಂವಿಧಾನ ಬರೆದುಕೊಂಡಿತ್ತು. ಪ್ರತಿಯೊಂದರಲ್ಲೂ ಯಾರನ್ನೂ ಕಾರಣವಿಲ್ಲದೆ ಹಿಡಿಯತಕ್ಕದ್ದಲ್ಲ ಎಂಬ ಸಾಲು ಹಾಗೇ ಇತ್ತು. ನಾನು ಅವನ್ನು ಒಂದಾದ ಮೇಲೊಂದು ಓದಿದೆ. ಒಮ್ಮೆ ಬರೆದದ್ದನ್ನು ಮತ್ತೆ ಮತ್ತೆ ಯಾಕೆ ಬರೆದರು ಎಂದು ಯಾರೋ ಕೇಳಿದರು. ಬಲೆಯ ದಾರ ಹೊಸೆಯುತ್ತ ಕುಳಿತಿದ್ದ ಬೀರಮ್ಮ ತಲೆಯೆತ್ತದೆ ಹೇಳಿದಳು:

"ಬಾಗಿಲ್ ಮೇಲೆ ಚಪ್ಪಲಿ ಇಲ್ಲೇ ಬಿಡಿ ಅಂತ ಬರ್ದಿದಾರೆ ಅಂದ್ರೆ, ಯಾರೋ ಮೆಟ್ಕಂಡೇ ಒಳಗೆ ಹೋಗಿದಾರೆ ಅಂತಾಯ್ತಲ್ಲ. ಇಲ್ದಿದ್ರೆ ಎಂತಕ್ಕೆ ಬರೀತಿದ್ರು?"

ಅಂದಿನಿಂದ ನಾವು ಓದುವ ಬಗೆಯೇ ಬದಲಾಯಿತು. ಪ್ರತಿ ಕಲಮಿನ ಎದುರೂ ನಿಂತು, ಇಲ್ಲಿ ಏನು ನಡೆದಿತ್ತು ಎಂದು ಕೇಳತೊಡಗಿದೆವು. ನಿಮ್ಮ ಪುಟ ಆಗ ಬೇರೆಯೇ ಕಂಡಿತು. ಅಲ್ಲಿ ಸುಖವಾಗಿದ್ದ ಜನ ಇರಲಿಲ್ಲ. ಪೆಟ್ಟು ತಿಂದು, ಎದ್ದು ಕುಳಿತು, ಇನ್ನು ಮುಂದೆ ಇದು ಆಗಬಾರದು ಎಂದು ಬರೆದ ಜನ ಇದ್ದರು. ಕೆಲವರು ಬರೆದದ್ದನ್ನು ಉಳಿಸಿಕೊಂಡರು, ಕೆಲವರು ಕಳೆದುಕೊಂಡು ಮತ್ತೆ ಬರೆದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಹೋಗಿ ಪ್ರೀತಿ ಬಂತು.

ನಮ್ಮ ನೆಲದ್ದೇ ಆದ ಭಾರತದ ಸಂವಿಧಾನವನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ನಮ್ಮದೇ ತಾನೆ, ಗೊತ್ತಿದ್ದದ್ದೇ ಇರುತ್ತದೆ ಎಂಬ ಉದಾಸೀನ. ಅದು ಯಂತ್ರದ ಕನ್ನಡದಲ್ಲಿರಲಿಲ್ಲ, ಮನುಷ್ಯರೇ ಬರೆದ ಕನ್ನಡದಲ್ಲಿತ್ತು. ಮಾಘದ ಒಂದು ಸಂಜೆ ಹದಿನೇಳನೆಯ ಕಲಮು ಬಂತು. ಅಸ್ಪೃಶ್ಯತೆಯನ್ನು ಕೊನೆಗಾಣಿಸಲಾಗಿದೆ, ಯಾವ ರೂಪದಲ್ಲಿಯೂ ಅದನ್ನು ಆಚರಿಸಕೂಡದು ಎಂದಿತ್ತು. ಆ ಪದ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಹಿರಿಯರನ್ನು ಕೇಳಿದೆ, ಅವರೂ ಕೇಳಿದವರಲ್ಲ.

"ಯಾವುದಾರ ರೋಗ ಇರಬೇಕು ತಗೀರಿ," ಎಂದ ಯಮನೂರಪ್ಪ. "ಹೋಗೇತಿ ಅಂತ ಅವರ ಬರದಾರಲ್ಲ. ಮುಂದಿಂದು ಓದ್ರಿ."

ಆದರೆ ಏನು ನಡೆದಿತ್ತು ಎಂದು ಕೇಳದೆ ಮುಂದೆ ಹೋಗುವುದನ್ನು ನಾವು ಬಿಟ್ಟಿದ್ದೆವು. ನಾನು ಜಾಲದಲ್ಲಿ ಅರ್ಥ ಹುಡುಕಿದೆ. ಬಂದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಈ ನೆಲದಲ್ಲೇ, ಇದೇ ಊರುಗಳಲ್ಲಿ, ಹುಟ್ಟಿನ ಕಾರಣಕ್ಕೆ ಕೆಲವರನ್ನು ಮುಟ್ಟಬಾರದು ಎಂದಿದ್ದರಂತೆ. ಅವರ ದುಡಿಮೆ ಬೇಕಿತ್ತು, ಅವರು ಬೇಡವಾಗಿದ್ದರು. ಅವರು ಊರಿನ ಬಾವಿಯಿಂದ ನೀರು ಸೇದುವ ಹಾಗಿರಲಿಲ್ಲ. ಅವರ ಮನೆಗಳು ಊರ ಹೊರಗೆ. ಅವರು ಸತ್ತರೆ ಮಣ್ಣು ಮಾಡುವ ಜಾಗವೂ ಬೇರೆ. ಇಷ್ಟು ಓದಿ ತಲೆಯೆತ್ತಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಉಪ್ಪಿನವರು ನೆಲ ನೋಡುತ್ತಿದ್ದರು, ಮುಂದಿನ ಸಾಲಿನವರೂ ನೆಲವನ್ನೇ ನೋಡುತ್ತಿದ್ದರು.

ದೊಡ್ಡಪ್ಪ, ಹೊರುವವರ ಓದು ಆಗಲಿ ಎಂದ. ಎಲ್ಲರ ಕಣ್ಣು ಬೀರಮ್ಮನ ಕಡೆ ಹೋಯಿತು. ಅವಳು ದಾರ ಬದಿಗಿಟ್ಟು ಎದ್ದಳು. ನಾನು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಪುಟ ತೆರೆಯುವುದು, ಓದಿ ಹೇಳುವುದು, ಅಷ್ಟೇ. ಅಂದು ನನ್ನ ಬಾಯಿಂದ ಮಾತು ತಾನೇ ಬಂತು.

"ತಡೀ ಬೀರಮ್ಮ, ಕುಂದರ. ಇದು ನಿನ್ನ ಮ್ಯಾಲೆ ಬೀಳೂ ಮಾತಲ್ಲ, ನಿನ್ನ ಮ್ಯಾಲಿಂದ ಇಳಿಯೂ ಮಾತು. ಬೀಳೂದು ನಮ್ಮ ಮ್ಯಾಲೆ. ಬಿಡಬೇಕಾದವರು ನಾವು. ದೊಡ್ಡಪ್ಪ ಓದಲಿ."

ಗುಜುಗುಜು ಎದ್ದಿತು. ದೊಡ್ಡಪ್ಪ ನನ್ನನ್ನು ನೋಡಿದ. "ಮಂದಿ ಮುಂದ ನನ್ನ ಎಬ್ಬಿಸಿ ನಿಂದ್ರಸಾಕತ್ತೀಯಲ್ಲ, ಫಕ್ಕೀರಿ," ಎಂದ.

"ಪದ್ಧತಿ ನೀನ ಕಲಿಸಿದ್ದು, ದೊಡ್ಡಪ್ಪ," ಎಂದೆ.

ಅವನು ಕೋಲು ಊರಿ ಎದ್ದ. ನಿಧಾನಕ್ಕೆ ಓದಿದ. ಯಾವ ರೂಪದಲ್ಲಿಯೂ ಎಂಬಲ್ಲಿ ಅವನ ದನಿ ನಡುಗಿತು. ಪದ್ಧತಿಯಂತೆ, ದನಿ ನಡುಗಿತು, ಮಾತನ್ನು ತಿದ್ದಬೇಕೇ ಎಂದು ಕೇಳಿದೆ. ಬೇಡ ಎಂದು ತಲೆಯಲ್ಲಾಡಿಸಿದ. ನಿಂತೇ ಇದ್ದ. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದ:

"ನಮ್ಮ ಮುತ್ಯಾನ ಮುತ್ಯಾ ಆ ಬಾವಿ ಯಾವ ಕಡೀಗಿದ್ದನೋ. ಒಳಗಿದ್ದನೋ, ಹೊರಗಿದ್ದನೋ. ಯಾರಿಗೆ ಗೊತ್ತೈತಿ?"

ಯಾರಿಗೂ ಗೊತ್ತಿರಲಿಲ್ಲ. ಆ ಪದವೇ ನಮ್ಮ ಬಾಯಿಂದ ಅಳಿಸಿಹೋಗಿತ್ತು. ಅದಕ್ಕಾಗಿ ನಿಮ್ಮ ಕಾಲದವರು, ನಿಮ್ಮ ಮುಂದಿನವರು ಎಷ್ಟು ಹೊಡೆದಾಡಿದ್ದರೋ. ಪದ ಹೋದ ಮೇಲೆ ಗುರುತೂ ಹೋಯಿತು. ಅದೇ ಕೇಡು ಇನ್ನೊಂದು ಹೆಸರಿನಲ್ಲಿ, ಒಂದು ಜ್ವರದ ನೆಪದಲ್ಲಿ, ನಮ್ಮ ಇಳಿಜಾರಿಗೆ ಬಂದು ನಲ್ಲಿಯಾಗಿ ನಿಂತಾಗ ನಮಗೆ ಗೊತ್ತಾಗಲಿಲ್ಲ.

ನಲ್ಲಿಯ ವಿಷಯ ಅಲ್ಲೇ ಮುಗಿಯಿತು. ಮರುದಿನ ಯಮನೂರಪ್ಪ ಪಾನಾ ತಂದು ಕೆಳಗಿನ ಕೊಳವೆ ಬಿಚ್ಚಿ ಚೌಕಕ್ಕೆ ಕೂಡಿಸಿದ. ಹೆಸರಿನ ವಿಷಯವನ್ನು ದೊಡ್ಡಪ್ಪ ಮುಂದಕ್ಕೆ ಹಾಕಿದ. ಯೋಚನೆ ಮಾಡಲು ಬಿಡಿ, ಹೆಸರು ಕೂಗುವುದು ಕೊಳವೆ ಕೂಡಿಸಿದಂತಲ್ಲ ಎಂದ. ನಾನು ಒತ್ತಾಯ ಮಾಡಲಿಲ್ಲ. ಫಾಲ್ಗುಣ ಹೋಯಿತು, ಚೈತ್ರ ಹೋಯಿತು. ಊರಕಟ್ಟಿನ ಉಳಿದ ಮಾತುಗಳನ್ನೆಲ್ಲ ಗೊತ್ತುಮಾಡಿದ್ದಾಯಿತು. ಪ್ರತಿ ಮಾತಿನ ಕೆಳಗೂ ಅದನ್ನು ಯಾಕೆ ಬರೆಯಬೇಕಾಯಿತು, ನಮ್ಮಲ್ಲಿ ಏನು ನಡೆದಿತ್ತು ಎಂದು ಬರೆಯುವುದೆಂದು ತೀರ್ಮಾನವಾಯಿತು. ಮುಂದೆ ಓದುವವರು ನಮ್ಮನ್ನು ಬಂಗಾರದ ನಾಡು ಎಂದುಕೊಳ್ಳಬಾರದಲ್ಲ. ಸತ್ತವರ ಹೆಸರಿನ ಜಾಗ ಮಾತ್ರ ಖಾಲಿ ಇತ್ತು. ನಾನು ದಿನಚರಿಯಲ್ಲಿ ಮತ್ತೆ ಉಂಡೆ, ಮಲಗಿದೆ ಎಂದೇ ಬರೆಯುತ್ತಿದ್ದೆ.

ಹೋದ ವಾರ ಒಂದು ಮಧ್ಯಾಹ್ನ ದೊಡ್ಡಪ್ಪ ಕೋಲೂರಿಕೊಂಡು ಮನೆಗೆ ಬಂದ. ಕೂರಲಿಲ್ಲ. ಹೊಸಿಲ ಹೊರಗೆ ನಿಂತೇ ಕೇಳಿದ:

"ಪುರ್ಸುನ ಅಪ್ಪನ ಹೆಸರೇನವ್ವ? ಅವ್ವನ ಹೆಸರೇನು?"

ನಮ್ಮ ಮದುವೆಯಾಗಿ ಅಷ್ಟು ವರ್ಷ, ಒಂದೇ ಊರು, ಒಂದೇ ಚೌಕ; ಆ ಪ್ರಶ್ನೆಯನ್ನು ಊರವರು ಯಾರೂ ಕೇಳಿರಲಿಲ್ಲ. ಅಪ್ಪ ಗಣಪು, ಅವ್ವ ಮಂಕಾಳಿ ಎಂದೆ. ಅವನು ಮಂಕಾಳಿ, ಮಂಕಾಳಿ ಎಂದು ಬಾಯಲ್ಲಿ ಕೂರಿಸಿಕೊಂಡ. ಅಲ್ಲಿಂದ ನೆಟ್ಟಗೆ ಬೀರಮ್ಮನ ಮನೆಗೆ ಹೋದ. ಅಲ್ಲಿಂದ ಪಕ್ಕದ ಮನೆಗೆ. ವಾರವಿಡೀ ಉಪ್ಪಿನವರ ಓಣಿಯಲ್ಲಿ ಬಾಗಿಲು ಬಾಗಿಲಿಗೆ ನಿಂತು, ಕೆಳಬಯಲಿನಲ್ಲಿ ಮಲಗಿದ ಪ್ರತಿಯೊಬ್ಬರ ಅಪ್ಪನ ಹೆಸರು, ಅವ್ವನ ಹೆಸರು ಕೇಳಿದ. ಕೆಲವರ ಹೆಸರು ಅವರ ಮೊಮ್ಮಕ್ಕಳಿಗೂ ನೆನಪಿರಲಿಲ್ಲ. ಅಂಥವರಿಗೆ ಏನು ಮಾಡುವುದೆಂದು ಅವನೂ ಬೀರಮ್ಮನೂ ಕುಳಿತು ವಾದ ಮಾಡಿದರು.

ಇವತ್ತು ಬೆಳಿಗ್ಗೆ ಗಾಳಿ ಏಳುತ್ತಲೇ ಕೂಗು ಶುರುವಾಯಿತು. ಊರಕಟ್ಟಿನ ಖಾಲಿ ಜಾಗದಲ್ಲಿ ಈಗ ಹೀಗೆ ಬರೆದಿದೆ: ಈ ಊರಲ್ಲಿ ಬದುಕಿದ ಎಲ್ಲರಿಗೂ ಒಂದೇ ನೀರು, ಒಂದೇ ಮಣ್ಣು, ಒಂದೇ ಕೂಗು. ಅದನ್ನು ಓದಿದ್ದೂ ದೊಡ್ಡಪ್ಪನೇ. ಹೆಸರುಗಳು ಮುಗಿಯಲೇ ಇಲ್ಲ. ಮಧ್ಯಾಹ್ನಕ್ಕೆ ಅವನ ಗಂಟಲು ಕಟ್ಟಿತು. ಬೀರಮ್ಮ ಮುಂದೆ ಬಂದು ಕೂಗಿದಳು, ಅವಳಿಗೆ ಸಾಕಾದಾಗ ಯಮನೂರಪ್ಪ. ಆದರೆ ಪುರ್ಸುವಿನ ಹೆಸರನ್ನು ದೊಡ್ಡಪ್ಪ ತಾನೇ ಕೂಗಿದ್ದ, ಮೊದಲನೆಯ ಸಾಲಿನಲ್ಲೇ. ಗಣಪು ಮತ್ತು ಮಂಕಾಳಿಯ ಮಗ ಪುರ್ಸು. ಫ್ಯಾನುಗಳ ಸದ್ದಿನ ಮೇಲೆ ಊರೆಲ್ಲ ಒಟ್ಟಿಗೆ 'ಐದಾನ' ಎಂದಿತು. ನನಗೆ ಓಗೊಡಲು ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ, ಅಷ್ಟು ಜನ ಕೊಟ್ಟಿದ್ದರು.

ನಿಮ್ಮಲ್ಲಿ ನನ್ನ ಬೇಡಿಕೆ ಹೆಚ್ಚಿಲ್ಲ. ಆ ಪುಟಗಳನ್ನು ತೆರೆದೇ ಇಡಿ. ಬೀಗ ಹಾಕಬೇಡಿ. ರದ್ದಾದದ್ದನ್ನು, ತಿದ್ದಿದ್ದನ್ನು, ಸೋತದ್ದನ್ನು ಎಸೆಯಬೇಡಿ. ನಮಗೆ ಕಣ್ಣು ಬಂದದ್ದು ಅವುಗಳಿಂದಲೇ. ಓದುವವರಿಗೆ, ಇದು ನಾವು ಬದುಕಿದ ರೀತಿಯಲ್ಲ, ಬದುಕಬೇಕೆಂದು ಕೊಟ್ಟುಕೊಂಡ ಮಾತು ಎಂದು ಎಲ್ಲಾದರೂ ಹೇಳಿಡಿ. ಒಂದು ಕೆಟ್ಟ ಪದ ನಿಮ್ಮ ಬಾಯಿಂದ ಹೋಯಿತೆಂದು ಸಂತೋಷಪಡುವ ದಿನ ಬಂದರೆ ಸಂತೋಷಪಡಿ, ಆದರೆ ಅದು ಏನಾಗಿತ್ತು ಎಂದು ಬರೆದಿಟ್ಟ ಮೇಲೆ. ನಮ್ಮ ಊರಕಟ್ಟನ್ನೂ ನಾಡುಗಳ ಪುಟದ ತುದಿಯಲ್ಲಿ ಸೇರಿಸಿದ್ದೇನೆ. ಸಣ್ಣ ಊರಿನದು, ಒಂದೇ ಗುಕ್ಕಿನಲ್ಲಿ ಓದಿ ಮುಗಿಸಬಹುದು.

ಕೊನೆಯದಾಗಿ ಒಂದು. ಆ ಪುಟದ ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ; ಇಷ್ಟನ್ನೆಲ್ಲ ಕೂಡಿಸಿಟ್ಟವರ ಹೆಸರು ಅಲ್ಲಿ ಉಳಿದಿಲ್ಲ. ದೊಡ್ಡಪ್ಪನಿಗೆ ಹೇಳಿದೆ. ಅವರೂ ನಮ್ಮ ಸತ್ತವರೇ ಎಂದ. ಹಾಗಾಗಿ ನಿಮ್ಮ ಹೆಸರು ಬರೆದಿಡಿ, ಅಪ್ಪ ಯಾರು, ಅವ್ವ ಯಾರು ಎಂಬುದನ್ನೂ ಸೇರಿಸಿ, ಪುಟದ ಬುಡದಲ್ಲಿ, ಅಳಿಯದ ಹಾಗೆ. ಅದು ನಮಗೆ ಬಂದು ತಲುಪುತ್ತದೆ, ನೀವಿಟ್ಟದ್ದು ತಲುಪುವುದನ್ನು ನಾನು ಕಂಡವಳು. ಬರುವ ಗಾಳಿದಿನ ಕೂಗುತ್ತೇವೆ. ಓಗೊಡಲು ಇಲ್ಲಿ ಜನ ಇದ್ದಾರೆ.